ಸೋಮವಾರದ ಎಲೆ

“ಗುರುಗಳೇ, ಹಸಿವಿಲ್ಲ ಎನ್ನುವವರಿಗೆ ಬಡಿಸುವುದು ಹೇಗೆ?”

ಬೆಳಿಗ್ಗೆಯೇ ಬಂದು ಹೀಗೆ ಕೇಳಿದ ಶಿಷ್ಯ ಕಾಲೇಜಿನಲ್ಲಿ ಮೇಷ್ಟರಾಗಿದ್ದ. ಬಡ ವಿದ್ಯಾರ್ಥಿಗಳ ಮಧ್ಯಾಹ್ನದ ಊಟದ ಹೊಣೆ ಅವನದು. ಅರ್ಜಿ ಅಚ್ಚು ಹಾಕಿಸಿದ್ದ. ಆದಾಯದ ಪ್ರಮಾಣಪತ್ರ ತನ್ನಿ ಎಂದು ನೋಟೀಸು ಹಚ್ಚಿದ್ದ. ನಲವತ್ತು ಜನಕ್ಕೆ ಅಡುಗೆ ಮಾಡಿಸಿದರೆ ಬರುತ್ತಿದ್ದವರು ಆರೇ ಜನ.

“ಕರೆದು ಕೇಳಿದರೆ ಒಬ್ಬ ತಿಂಡಿ ತಡವಾಯಿತು ಅನ್ನುತ್ತಾನೆ, ಇನ್ನೊಬ್ಬ ಹೊಟ್ಟೆ ಸರಿಯಿಲ್ಲ ಅನ್ನುತ್ತಾನೆ. ಒಬ್ಬ ಹುಡುಗಿಯಂತೂ ಗುರುವಾರ, ಶನಿವಾರ ಎರಡೂ ದಿನ ಉಪವಾಸ. ಈ ವಯಸ್ಸಿಗೆ ಎಂಥ ನಿಷ್ಠೆ! ತರಗತಿಯಲ್ಲಿ ಎಲ್ಲರೆದುರು ಹೊಗಳಿದೆ.”

“ಹೊಗಳಿದೆಯಾ? ಭೇಷ್. ಕೂತುಕೋ, ಒಂದು ಕತೆ ಹೇಳುತ್ತೇನೆ,” ಎಂದರು ಗುರುಗಳು.

ಒಂದು ಊರಿನಲ್ಲಿ ಒಬ್ಬ ವಿದ್ಯಾರ್ಥಿಯಿದ್ದ. ಕಾಲೇಜು ಓದಲು ಬಂದವನು. ಆಗೆಲ್ಲ ವಾರಾನ್ನದ ಕಾಲ. ದಿನಕ್ಕೊಂದು ಮನೆಯವರು ಕರೆದು ಎಲೆ ಹಾಕುತ್ತಿದ್ದರು. ಎಂಥ ಜನ, ಎಂಥ ಕಾಲ! ಈಗ ನೆನೆದರೂ ಕೈಮುಗಿಯಬೇಕೆನಿಸುತ್ತದೆ. ಅವನಿಗೆ ಆರು ಮನೆ ಸಿಕ್ಕವು. ಸೋಮವಾರಕ್ಕೆ ಮಾತ್ರ ಯಾವ ಮನೆಯೂ ಇರಲಿಲ್ಲ. ಏಳನೆಯ ಬಾಗಿಲು ತಟ್ಟಲು ಅವನಿಗೆ ನಾಚಿಕೆ. ಯಾರೋ ಕೇಳಿದಾಗ, “ಸೋಮವಾರ ನನಗೆ ಉಪವಾಸ” ಎಂದುಬಿಟ್ಟ.

ಅಷ್ಟೇ ಸಾಕಾಯಿತು. ಊರಿಗೆ ಊರೇ ಅವನ ಶಿವಭಕ್ತಿಯನ್ನು ಕೊಂಡಾಡಿತು. ಒಬ್ಬ ಬಟ್ಟೆ ವ್ಯಾಪಾರಿ ಸೋಮವಾರದ ಊಟ ತಾನೇ ಹಾಕುತ್ತೇನೆಂದು ಹೊರಟವನು, ಸುದ್ದಿ ಕೇಳಿ, ವ್ರತ ಕೆಡಿಸಿದ ಪಾಪ ತನಗೇಕೆಂದು ಕೈಮುಗಿದು ಹಿಂದಿರುಗಿದ. ಹುಡುಗ ತಾನು ಆಡಿದ ಮಾತಿನಲ್ಲಿ ತಾನೇ ಸಿಕ್ಕಿಬಿದ್ದ. ಆ ವರ್ಷ ಗಣಿತದ ಪರೀಕ್ಷೆ ಸೋಮವಾರ ಬಂತು. ಕಣ್ಣು ಕತ್ತಲೆಗಟ್ಟಿ ಅರ್ಧಕ್ಕೇ ಎದ್ದು ಬಂದ, ನಪಾಸಾದ. ಮರುವರ್ಷವೂ ಗಣಿತ ಸೋಮವಾರವೇ ಬಿತ್ತು. ಈ ಸಲ ಹೋದರೆ ಓದೂ ಹೋಯಿತು.

ಮಂಗಳವಾರದ ಮನೆ ಒಬ್ಬ ಹೂ ಮಾರುವ ಹೆಂಗಸಿನದು. ಅವಳು ಪ್ರತಿ ಸೋಮವಾರ ಈಶ್ವರನ ಗುಡಿಯ ಬಾಗಿಲಲ್ಲಿ ಕೂರುವವಳು. ಊರಿನ ಉಪವಾಸದವರೆಲ್ಲ ಅವಳ ಮುಂದೆಯೇ ಹಾದು ಹೋಗಬೇಕು. ಈ ಭಕ್ತನೊಬ್ಬನನ್ನು ಮಾತ್ರ ಅವಳು ಅಲ್ಲಿ ಕಂಡೇ ಇರಲಿಲ್ಲ. ಮಂಗಳವಾರ ನೋಡಿದರೆ ಒಲೆ ಹೊತ್ತಿಸುವ ಮೊದಲೇ ಬಂದು ಜಗಲಿಯ ಮೇಲೆ ಕೂತಿರುತ್ತಿದ್ದ. ಅವಳಿಗೆ ಎಲ್ಲ ತಿಳಿಯಿತು. ಅವನನ್ನು ಏನೂ ಕೇಳಲಿಲ್ಲ. ಪರೀಕ್ಷೆಯ ಬೆಳಿಗ್ಗೆ ಅವನನ್ನು ದಾರಿಯಲ್ಲೇ ತಡೆದಳು.

“ಮಗಾ, ಸೋಮವಾರ ಉಪವಾಸವಿರುವ ಒಬ್ಬರಿಗೆ ಬಡಿಸಿದ ಮೇಲೆಯೇ ಬಾಯಿಗೆ ನೀರು ಹಾಕುತ್ತೇನೆಂದು ಹರಕೆ ಹೊತ್ತಿದ್ದೇನೆ. ಎಲೆ ಹಾಕಿದೆ, ಬಾ.”

“ಅಮ್ಮಾ, ನನ್ನ ವ್ರತ?”

“ಅದು ಕೆಟ್ಟರೆ ಪಾಪ ನನ್ನ ತಲೆಗೆ. ನನ್ನ ಹರಕೆ ಕೆಟ್ಟರೆ ನಿನ್ನ ತಲೆಗೆ. ಬೇಗ ಹೇಳು, ನನಗೂ ಹಸಿವಾಗಿದೆ.”

ಅವನು ಹೋಗಿ ಕೂತ. ಬಿಸಿ ಅನ್ನ, ತೊವ್ವೆ, ಮೇಲೊಂದು ಮಿಳ್ಳೆ ತುಪ್ಪ. ಉಣ್ಣುವಾಗ ಅವನ ಕಣ್ಣಲ್ಲಿ ನೀರು ಬಂದರೆ, ಹೊಗೆ ಜಾಸ್ತಿಯಾಯಿತು ಎನ್ನುತ್ತಾ ಅವಳು ಒಲೆಯ ಕಡೆ ತಿರುಗಿದಳು. ಗಣಿತ ಪಾಸಾಯಿತು. ಓದು ಮುಗಿಯುವವರೆಗೂ ಸೋಮವಾರದ ಎಲೆ ತಪ್ಪಲಿಲ್ಲ. ಊರು ಅವನ ಉಪವಾಸವನ್ನು ಹೊಗಳುತ್ತಲೇ ಇತ್ತು, ಅವಳು ಒಂದು ದಿನವೂ ಬಾಯಿ ಬಿಡಲಿಲ್ಲ. ಆ ತೊವ್ವೆಯ ರುಚಿ ಮತ್ತೆಲ್ಲೂ ಸಿಗಲಿಲ್ಲ ಕಣಯ್ಯಾ.

ಶಿಷ್ಯ ಮೆಲ್ಲಗೆ ಕೇಳಿದ: “ಆ ತಾಯಿ ನಿಜವಾಗಿ ಹರಕೆ ಹೊತ್ತಿದ್ದರೇ?”

“ಹುಡುಗನ ವ್ರತ ಎಷ್ಟು ನಿಜವೋ ಅಷ್ಟೇ.”

ಶಿಷ್ಯ ತಲೆ ತಗ್ಗಿಸಿದ.

ಗುರುಗಳು ಹೇಳಿದರು: “ಇವತ್ತು ಗುರುವಾರ, ಊಟದ ಗಂಟೆಗೆ ಇನ್ನೂ ಹೊತ್ತಿದೆ, ಏಳು, ನೀನು ಏನು ಹರಕೆ ಹೊತ್ತಿದ್ದೀಯೆಂದು ದಾರಿಯಲ್ಲಿ ಯೋಚಿಸಿಕೋ.”