ಚಪ್ಪರದಿಂದ ಇಳಿದ ಪಡವಲಕಾಯಿ

ಚೌಡಕ್ಕನ ಹಿತ್ತಲ ಚಪ್ಪರದ ಮೇಲೆ ಒಂದು ಎಳೆ ಪಡವಲಕಾಯಿ ಎಲೆಗಳ ನಡುವೆ ಸುರುಳಿ ಸುತ್ತಿಕೊಂಡು ಹಾಯಾಗಿ ಮಲಗಿತ್ತು. ಚಪ್ಪರದಿಂದ ಕೆಳಗೆ ಜೋತುಬಿದ್ದಿದ್ದ ಅದರ ಅಕ್ಕನ ತುದಿಗೆ ಚೌಡಕ್ಕ ಒಂದು ಕಲ್ಲು ಕಟ್ಟಿದ್ದಳು.

“ಅಕ್ಕಾ, ಆ ಕಲ್ಲು ಜಗ್ಗುವುದಿಲ್ಲವೆ?”

“ಜಗ್ಗುತ್ತದೆ. ಅದಕ್ಕೇ ನೆಟ್ಟಗೆ ಬೆಳೆದೆ. ನೀನು ಹೀಗೇ ಬಿದ್ದುಕೊಂಡಿದ್ದರೆ ಸುರುಳಿಯಾಗಿಯೇ ಬಲಿಯುತ್ತೀಯೆ.”

ತಂಗಿ ಮುಖ ಊದಿಸಿಕೊಂಡಿತು. ಆದರೆ ಬೆಳೆಬೆಳೆಯುತ್ತ ಅದರ ತುದಿ ಅದರದೇ ಹೊಟ್ಟೆಗೆ ತಿವಿಯತೊಡಗಿತು. ಕೊನೆಗೆ ದೇವರ ಮೇಲೆ ಭಾರ ಹಾಕಿ, ಚಪ್ಪರದ ಸಂದಿಯಿಂದ ಮೈಯನ್ನು ಕೆಳಕ್ಕೆ ಬಿಟ್ಟಿತು. ಚೌಡಕ್ಕ ಬಂದು ಅದಕ್ಕೂ ಒಂದು ಕಲ್ಲು ಕಟ್ಟಿದಳು.

ಕೆಲವು ದಿನ ಕಳೆದ ಮೇಲೆ ಚಪ್ಪರದ ಮೇಲಿಂದ ಹೊಸ ಹೀಚೊಂದು ಇಣುಕಿತು. “ಅಕ್ಕಾ, ಅಲ್ಲಿ ಭಯವಾಗುವುದಿಲ್ಲವೆ?”

“ಆಗುತ್ತದೆ ಕಣೇ,” ಎಂದಿತು ಉದ್ದುದ್ದ ಬೆಳೆದ ಪಡವಲಕಾಯಿ, ಗಾಳಿಗೆ ತೂಗುತ್ತ. “ಆದರೆ ಮೈ ಚಾಚಲು ಬೇಕಾದಷ್ಟು ಜಾಗವಿದೆ.”