ಸೊಲ್ಲಾಪುರದಿಂದ ಬಾರದ ಉತ್ತರ

ಇಂದುಧರ ಆಶ್ರಮದ ಮುಂದಿನ ನದಿಯ ಮೆಟ್ಟಿಲುಗಳನ್ನು ಏಳನೆಯ ಸಲ ಇಳಿದು ಹತ್ತಿದ. ಕೈಯಲ್ಲಿ ಫೋನು.

"ಅದನ್ನು ಅಷ್ಟು ಸಲ ನೋಡಬೇಡವೋ, ಅದಕ್ಕೂ ನಾಚಿಕೆಯಾದೀತು," ಎಂದರು ಗುರು ಚಿನ್ಮಯಮ್ಮ.

"ನಾಳೆ ಸಂಜೆ ನಮ್ಮ ಪಾಡ್‌ಕಾಸ್ಟಿನ ಮೊದಲ ಕಂತು ಹೊರಗೆ ಬರಬೇಕು, ಅಮ್ಮ. ನಿಮ್ಮ ಮಾತಿಗೆ ಮುಂಚೆ ಒಂದು ನಿಮಿಷ ಸುಭದ್ರಾಬಾಯಿಯವರ ಜಲತರಂಗ ಹಾಕಿದ್ದೇನೆ. ಅದಿಲ್ಲದಿದ್ದರೆ ಆ ಕಂತಿಗೆ ಜೀವವೇ ಇಲ್ಲ."

"ಅವರು ಒಪ್ಪಿದರೇನು?"

"ರಾಗ ಕಟ್ಟಿದವರೂ ನುಡಿಸಿದವರೂ ಅವರೇ, ಹಕ್ಕೂ ಅವರದೇ. ಅವರಿರುವ ಸೊಲ್ಲಾಪುರಕ್ಕೆ ಎರಡು ಪತ್ರ ಬರೆದೆ. ಫೋನಿಗೆ ಸಂದೇಶ ಕಳಿಸಿದೆ. ಇಪ್ಪತ್ತು ದಿನವಾಯಿತು, ಉತ್ತರವಿಲ್ಲ."

"ಹಾಗಾದರೆ?"

"ಬೇಡ ಅನ್ನಲಿಲ್ಲವಲ್ಲ. ಮೂರು ಸಲ ಕೇಳಿದರೂ ಸುಮ್ಮನಿದ್ದಾರೆ ಅಂದರೆ ಒಪ್ಪಿದ ಹಾಗೇ ತಾನೆ?"

ಚಿನ್ಮಯಮ್ಮ ಎದ್ದು ಹೋದರು.

ಮರುದಿನ ಸೋಮವಾರ. ಆ ಆಶ್ರಮದಲ್ಲಿ ಸೋಮವಾರ ಸೂರ್ಯ ಮುಳುಗುವ ತನಕ ಶಿಷ್ಯರಿಗೆ ಮೌನವ್ರತ. ಹನ್ನೊಂದು ವರ್ಷಗಳಲ್ಲಿ ಇಂದುಧರ ಒಮ್ಮೆಯೂ ಅದನ್ನು ಮುರಿದವನಲ್ಲ.

ಬೆಳಿಗ್ಗೆ ಅವನು ಮೆಟ್ಟಿಲ ಮೇಲೆ ಕೂತಿದ್ದಾಗ ಗುರು ಅವನನ್ನು ದಾಟಿ ನೀರಿನ ಅಂಚಿಗೆ ಇಳಿದರು. ಅವನ ರೆಕಾರ್ಡರ್ ಅವರ ಕೈಯಲ್ಲಿತ್ತು. ಮುಂದಿನ ಕಂತುಗಳಿಗೆಂದು ಆರು ತಿಂಗಳಿಂದ ಹಿಡಿದಿಟ್ಟ ಮಾತೆಲ್ಲ ಅದರೊಳಗಿತ್ತು. ಬೇರೆ ಪ್ರತಿ ಇರಲಿಲ್ಲ.

"ಇಂದುಧರ, ಇದನ್ನು ಹೊಳೆಗೆ ಹಾಕಲೆ?" ಅವರು ಬೆನ್ನು ತಿರುಗಿಸಿಯೇ ನಿಂತಿದ್ದರು.

ಅವನು ಬೇಡವೆಂದು ತಲೆಯಾಡಿಸಿದ. ಗುರು ನೀರನ್ನೇ ನೋಡುತ್ತಿದ್ದರು.

"ಹಾಕಲೆ?"

ಅವನು ಎದ್ದು ಎರಡೂ ಕೈ ಬೀಸಿದ.

"ಹಾಕಲೇನೋ?"

ಅವನು ತುಟಿ ಬಿಗಿಹಿಡಿದ.

"ಸುಮ್ಮನಿದ್ದಾನೆ. ಒಪ್ಪಿದ ಹಾಗೆ," ಎನ್ನುತ್ತ ಗುರು ಕೈ ಎತ್ತಿದರು.

"ಬೇಡ!" ಎಂದು ಕಿರುಚಿದ ಇಂದುಧರ.

ಗುರು ಹಿಂದಿರುಗಿ ಬಂದು ರೆಕಾರ್ಡರನ್ನು ಅವನ ಕೈಗಿಟ್ಟರು. ಅವನು ಅದನ್ನು ಎದೆಗವಚಿಕೊಂಡ.

"ಹನ್ನೊಂದು ವರ್ಷದ ವ್ರತ ಕೆಡಿಸಿದಿರಿ, ಅಮ್ಮ. ತಲೆ ಆಡಿಸಿದೆ, ಕೈ ಬೀಸಿದೆ. ನೀವು ತಿರುಗಿ ನೋಡಲೇ ಇಲ್ಲ."

"ನೀನು ಮೂರು ಮೆಟ್ಟಿಲು ಮೇಲಿದ್ದೆ. ಕೂಗಿದೆ, ನನಗೆ ಕೇಳಿಸಿತು," ಎಂದರು ಚಿನ್ಮಯಮ್ಮ. "ಸೊಲ್ಲಾಪುರದಿಂದ ಆಕೆ ಎಷ್ಟು ಜೋರಾಗಿ ಕೂಗಬೇಕು?"