ಅಳುಗಲ್ಲು ದಿಣ್ಣೆ

ಬೆಟ್ಟದ ಬಸ್ಸು ಎರಡನೆಯ ತಿರುವು ದಾಟಿದೊಡನೆ ಬಲಕ್ಕೆ ಕಾಣುವ ಹಸಿರು ಇಳಿಜಾರಿಗೆ ಅಳುಗಲ್ಲು ದಿಣ್ಣೆ ಎಂದು ಹೆಸರು. ಅಲ್ಲಿ ಮೊಣಕಾಲೆತ್ತರದ ನಲವತ್ತು ಕಲ್ಲುಗಳು ಸಾಲಾಗಿ ನಿಂತಿವೆ. ಬೆಳಗಿನ ಮಂಜಿನಲ್ಲಿ ಯಾರೋ ಕಂಬಳಿ ಹೊದ್ದು ಕುಳಿತಂತೆ ತೋರುತ್ತವೆ. ಬಿಸಿಲೇರಿದ ಮೇಲೆ ಬರಿಯ ಕಲ್ಲು.

ಹಿಂದೆ ಒಮ್ಮೆ, ಇಲ್ಲಿ ರಸ್ತೆಯೂ ಊರೂ ಇಲ್ಲದ ಕಾಲದಲ್ಲಿ, ಬಯಲುಸೀಮೆಯಲ್ಲಿ ದಂಡಿನ ಹಾವಳಿಗೆ ಹೆದರಿ ಮುದ್ದೇಗೌಡನೆಂಬವನು ಹದಿನೆಂಟು ಒಕ್ಕಲು ಕಟ್ಟಿಕೊಂಡು ಬೆಟ್ಟದ ಬುಡಕ್ಕೆ ಬಂದನಂತೆ. ಕಾಡು ಕಡಿದು ರಾಗಿ ಬಿತ್ತಿದ. ಮೇಲಿನ ಹಾಡಿಯ ಜನಕ್ಕೆ ಆ ಕಾಡೇ ಮನೆ. ಇವರು ಅವರ ಗುಡಿಸಲು ಸುಟ್ಟರು, ಅವರು ಇವರ ಎತ್ತಿಗೆ ಬಾಣ ಬಿಟ್ಟರು. ಗೌಡ ಮಹಾ ಹಟಮಾರಿ, ಹಿಡಿದದ್ದನ್ನು ಬಿಟ್ಟವನಲ್ಲ. ಹಾಡಿಯವರಿಗಿದ್ದ ಒಂದೇ ಒರತೆಯನ್ನೂ ಒಳಗೆ ಸೇರಿಸಿಕೊಂಡು ಒಂದೇ ದಿನದಲ್ಲಿ ನಲವತ್ತು ಎಲ್ಲೆಗಲ್ಲು ನೆಡಿಸಿಬಿಟ್ಟ. ಆ ನೀರು ಹೋದರೆ ಅವರು ಬೆಟ್ಟ ಬಿಡಬೇಕು, ಇಲ್ಲವೇ ಸಾಯಬೇಕು. ಮರುದಿನ ಕಾಳಗಕ್ಕೆ ಬಂದೇ ಬರುತ್ತಾರೆಂದು ತನ್ನವರ ಕೈಗೆ ಭರ್ಜಿ ಕೊಟ್ಟು ಪೊದೆಯಲ್ಲಿ ಕಾದು ಕುಳಿತ.

ಬೆಳಗಾಗುತ್ತಲೇ ಬಂದರು. ಮಂಜಿನೊಳಗಿಂದ ಒಬ್ಬೊಬ್ಬರಾಗಿ, ಕಾಲ ಸಪ್ಪಳವೂ ಇಲ್ಲದೆ, ಕನಸಿನಲ್ಲಿ ಬರುವವರ ಹಾಗೆ. ಕೈಯಲ್ಲಿ ಬಿಲ್ಲಿಲ್ಲ; ಎಲೆಯ ದೊನ್ನೆಯಲ್ಲಿ ಜೇನು, ಸುಟ್ಟ ಗೆಣಸು. ಒಂದೊಂದು ಕಲ್ಲಿನ ಮುಂದೆ ಒಬ್ಬೊಬ್ಬರು ಕುಳಿತು, ದೊನ್ನೆ ಇಟ್ಟು, ಕಲ್ಲಿನ ತಲೆ ಸವರುತ್ತಾ ಅಳತೊಡಗಿದರು. ಮಾಟ ಮಾಡುತ್ತಿದ್ದಾರೆಂದು ಗೌಡನ ಕಡೆಯವರು ಭರ್ಜಿ ಎತ್ತಿದರು. ಗೌಡ ಕೈ ಅಡ್ಡ ಹಿಡಿದು ತಾನೇ ಹೊರಬಂದ. ಕೊನೆಯ ಕಲ್ಲಿನ ಬಳಿ ಹಾಡಿಯ ಹಿರಿಯಳು ಜಡೆಮ್ಮ ಕುಳಿತಿದ್ದಳು.

“ಯಾಕವ್ವಾ ಅಳ್ತಿದ್ದೀರಿ?” ಎಂದ.

“ನಮ್ಮಲ್ಲಿ ಸತ್ತೋರಿಗೆ ಒಂದೊಂದು ಕಲ್ಲು ನೆಡ್ತೀವಿ ಕಣಪ್ಪಾ. ನಿಮ್ಮೋರು ಒಂದೇ ದಿನಕ್ಕೆ ಇಷ್ಟು ಜನ ಹೋಗ್ಬುಟ್ರಲ್ಲ! ಅಳೋಕೆ ನಿಮ್ಗೆ ಇಲ್ಲಿ ನೆಂಟ್ರಿಲ್ಲ, ಇಷ್ಟ್ರಿಲ್ಲ. ಅದ್ಕೇ ಬಂದೋ. ಇದ್ಯಾರ್ದಪ್ಪಾ?”

ವಲಸೆಯ ದಾರಿಯಲ್ಲಿ ಜ್ವರ ಬಂದು ಸತ್ತ ಮಗಳನ್ನು ಗೌಡ ಅವಸರದಲ್ಲಿ ಹಳ್ಳದ ದಡದಲ್ಲಿ ಹೂತು ಬಂದಿದ್ದ. ದಂಡು ಬೆನ್ನ ಹಿಂದೆಯೇ ಇತ್ತು, ಅಳಲೂ ಪುರುಸೊತ್ತಿರಲಿಲ್ಲ. ಈಗ ಅವನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ದುಃಖ ಉಕ್ಕಿ ಬಂತು. “ನನ್ ಮಗಳ್ದು ಕಣವ್ವಾ” ಎನ್ನುತ್ತಾ ಆ ಕಲ್ಲನ್ನು ತಬ್ಬಿಕೊಂಡು ಕುಸಿದು ಕುಳಿತನೆನ್ನುತ್ತಾರೆ.

ಬಿಸಿಲೇರಿದ ಮೇಲೆ ನೇಗಿಲು ಹೂಡಿಕೊಂಡು ಬಂದವರಿಗೆ ಅವನು ಹೇಳಿದ್ದು ಇಷ್ಟೇ: “ಎತ್ತು ತಿರುಗಿಸ್ರೋ. ಸಮಾಧಿ ಮೇಲೆ ಉಳೋಕಾಗ್ತದಾ?” ಕಲ್ಲಿನಡಿ ಯಾರೂ ಇಲ್ಲವೆಂಬುದು ಅವರಿಗೆಲ್ಲ ಗೊತ್ತಿತ್ತು; ನೆಟ್ಟವರೇ ಅವರು. ಆದರೂ ಎತ್ತು ತಿರುಗಿಸಿದರು.

ಇಂದಿಗೂ ನೇಗಿಲ ಸಾಲುಗಳು ಮೊದಲ ಕಲ್ಲಿಗೆ ಹತ್ತು ಹೆಜ್ಜೆ ಈಚೆಗೇ ನಿಲ್ಲುತ್ತವೆ. ಒರತೆಯಲ್ಲಿ ಎರಡೂ ಕಡೆಯವರು ಕೊಡ ತುಂಬುತ್ತಾರೆ. ಊರಿನಲ್ಲಿ ಸಾವಾದರೆ ಹಾಡಿಯವರು ಅಳಲು ಇಳಿದು ಬರುತ್ತಾರೆ, ಹಾಡಿಯಲ್ಲಾದರೆ ಊರಿನವರು ಹತ್ತಿ ಹೋಗುತ್ತಾರೆ. ಕೊನೆಯ ಕಲ್ಲಿನ ಬುಡದಲ್ಲಿ ಮಾತ್ರ ಯಾರೋ ವರ್ಷವರ್ಷವೂ ಗಾಜಿನ ಬಳೆ ಇಟ್ಟು ಹೋಗುತ್ತಾರೆ. ಏಳೆಂಟು ವರ್ಷದ ಹುಡುಗಿಯ ಕೈಗಾಗುವಷ್ಟು ಪುಟ್ಟವು.